ಉಬುಂಟುವಿನಲ್ಲಿ ಮ್ಯೂಸ್‌ಸ್ಕೋರ್ 4 ತೆರೆಯುತ್ತಿಲ್ಲ; ರಾಜ್ಯೋತ್ಸವಕ್ಕೆ ಹನ್ನೊಂದೇ ದಿನ

ಮಲೆನಾಡ_ಟೀಚರ್ · ಮಂಗಳವಾರ, ರಾತ್ರಿ 9.12

ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತೇನೆ. ಜೂನ್‌ನಲ್ಲಿ ಕಂಪ್ಯೂಟರ್ ಮೇಷ್ಟರು ವರ್ಗವಾಗಿ ಹೋದ ಮೇಲೆ ಲ್ಯಾಬಿನ ಬೀಗದ ಕೈಯೂ ನನ್ನ ಕೊರಳಿಗೇ ಬಿದ್ದಿದೆ.

ನವೆಂಬರ್ 1ರಂದು ಮಕ್ಕಳಿಂದ ನಾಡಗೀತೆಯನ್ನು ಎರಡು ದನಿಗಳಲ್ಲಿ ಹಾಡಿಸಬೇಕೆಂದಿದ್ದೇನೆ. ಮೇಲಿನ ದನಿ ಎಲ್ಲರಿಗೂ ಗೊತ್ತಿರುವ ಮೈಸೂರು ಅನಂತಸ್ವಾಮಿಯವರ ಧಾಟಿಯೇ. ಕೆಳಗಿನ ದನಿಯನ್ನು ನಾನು ಕಟ್ಟಿದ್ದೇನೆ. ಬೆಂಗಳೂರಿನಲ್ಲಿ ಕೀಬೋರ್ಡ್ ನುಡಿಸುವ ನನ್ನ ತಮ್ಮ ಅದನ್ನು ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದಲ್ಲಿ ಬರೆದು ಕಳುಹಿಸಿದ. ಲ್ಯಾಬಿನಲ್ಲಿರುವುದು ಲಿನಕ್ಸ್, ಉಬುಂಟು 24.04, ಯಂತ್ರಗಳು 4 ಜಿಬಿಯವು. ಹಿಂದಿನ ಮೇಷ್ಟರು ಹಾಕಿಟ್ಟಿದ್ದ ಮ್ಯೂಸ್‌ಸ್ಕೋರ್ 3ರಲ್ಲಿ ಕಡತ ತೆರೆಯಲು ಹೋದರೆ, ಇದು ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತ ಎಂದು ಹೇಳಿ ಮುಚ್ಚಿಕೊಳ್ಳುತ್ತದೆ. ಶಾಲೆಯ ಇಂಟರ್ನೆಟ್‌ಗೆ ಮಳೆಗಾಲ ಇನ್ನೂ ಮುಗಿದಿಲ್ಲ. ಹಾಗಾಗಿ ಮನೆಯಲ್ಲೇ 4ನೇ ಆವೃತ್ತಿಯ ಆಪ್‌ಇಮೇಜ್ (ಇಡೀ ಪ್ರೋಗ್ರಾಂ ಒಂದೇ ಕಡತದಲ್ಲಿರುವ ರೂಪ) ಕಡತ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದೆ. ಎರಡು ಸಲ ಒತ್ತಿದರೆ ಏನೂ ಆಗುವುದಿಲ್ಲ. ಬೈಗುಳವೂ ಇಲ್ಲ, ಬಾಗಿಲೂ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಕೊನೆಬೆಂಚು · 9.20

ವಿಂಡೋಸ್ ಹಾಕಿ. ಮುಗಿಯಿತು.

ಡೆಬಿಯನ್_ದಾಸ · 9.24

ಇಲಿ ಬಂದಿದೆ ಎಂದು ಮನೆಗೆ ಬೆಂಕಿ ಇಡುವ ಸಲಹೆ. ಟೀಚರ್, ಆಪ್‌ಇಮೇಜ್ ಎಂಬ ಪೊಟ್ಟಣಗಳ ಸಹವಾಸವೇ ಬೇಡ. ವಿತರಣೆಯ, ಅಂದರೆ ಉಬುಂಟುವಿನದೇ, ತಂತ್ರಾಂಶ ಭಂಡಾರದಲ್ಲಿ ಇರುವುದನ್ನು ಬಳಸಿ. ಅದನ್ನು ಪರೀಕ್ಷಿಸಿ ಇಟ್ಟಿರುತ್ತಾರೆ, ಭದ್ರವಾಗಿರುತ್ತದೆ. ತಮ್ಮನಿಗೆ ಹೇಳಿ ಹಳೆಯ ಆವೃತ್ತಿಯಲ್ಲಿ ಉಳಿಸಿ ಕಳುಹಿಸಲು ತಿಳಿಸಿ.

ರೈನ್_ದಂಡೆ · 9.31

ದಾಸರೇ, ಭಂಡಾರದಲ್ಲಿರುವುದು 3.2.3. ಅದು 2019ರ ಆವೃತ್ತಿ. ಆ ಸಾಲಿನ ಕೊನೆಯ 3.6.2 ಬಂದದ್ದು 2021ರಲ್ಲಿ, ಮ್ಯೂಸ್‌ಸ್ಕೋರ್ 4 ಬಂದದ್ದು 2022ರ ಡಿಸೆಂಬರ್‌ನಲ್ಲಿ. 4ರಲ್ಲಿ ಬರೆದದ್ದನ್ನು 3ರ ರೂಪದಲ್ಲಿ ನೇರವಾಗಿ ಉಳಿಸಲು ಬರುವುದಿಲ್ಲ. ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ವಿನಿಮಯ ರೂಪದಲ್ಲಿ ಹೊರಗೆ ತೆಗೆದು 3ರಲ್ಲಿ ಒಳಗೆ ಎಳೆದುಕೊಳ್ಳಬಹುದು. ಸ್ವರಗಳು ಬರುತ್ತವೆ, ಪುಟದ ಅಂದಚಂದ ದಾರಿಯಲ್ಲೇ ಉದುರುತ್ತದೆ.

ಜರ್ಮನಿಯ ನಮ್ಮ ಗಾಯನವೃಂದದಲ್ಲಿ ಈಗ ಇದೇ ಕೆಲಸ ನಡೆದಿದೆ. ಫಿನಾಲೆಯ ಅಭಿವೃದ್ಧಿ ನಿಲ್ಲಿಸುವುದಾಗಿ 2024ರ ಆಗಸ್ಟ್‌ನಲ್ಲಿ ಘೋಷಣೆಯಾಯಿತಲ್ಲ, 35 ವರ್ಷದ ಸ್ವರಲಿಪಿ ತಂತ್ರಾಂಶ. ನಿರ್ದೇಶಕರು ಒಂದು ವಾರ ಮಾತು ಬಿಟ್ಟಿದ್ದರು. ಆಮೇಲೆ ಕಪಾಟಿನಲ್ಲಿದ್ದ ಹಾಡುಗಳನ್ನೆಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಸಾಗಿಸುವ ಕೂಲಿ ನನಗೆ ಬಂತು.

ಹಳೇಯಂತ್ರ · 9.40

ಟೀಚರ್, ಚರ್ಚೆ ಅವರಿಗಿರಲಿ. ನೀವು ಕಡತವನ್ನು ನಡೆಸಿದ್ದು ಪೆನ್‌ಡ್ರೈವ್ ಒಳಗಿನಿಂದಲೇ ತಾನೇ?

ಸಾಮಾನ್ಯವಾಗಿ ಪೆನ್‌ಡ್ರೈವ್‌ಗಳು ಫ್ಯಾಟ್ ಮಾದರಿಯವು. ಇದು ನಡೆಸಬಹುದಾದ ಕಡತ ಎಂಬ ಲಿನಕ್ಸಿನ ಗುರುತನ್ನು ಬರೆದಿಡಲು ಅದರಲ್ಲಿ ಜಾಗವೇ ಇಲ್ಲ. ನೀವು ಎಷ್ಟು ಸಲ ಅನುಮತಿ ಕೊಟ್ಟರೂ ನೀರಿನ ಮೇಲೆ ಬರೆದಂತೆ. ಮೊದಲು ಕಡತವನ್ನು ಹೋಮ್ ಕೋಶಕ್ಕೆ ನಕಲು ಮಾಡಿ. ಅಲ್ಲಿ ಬಲಗುಂಡಿ ಒತ್ತಿ, ಗುಣಲಕ್ಷಣಗಳಿಗೆ ಹೋಗಿ, ಪ್ರೋಗ್ರಾಂ ಆಗಿ ನಡೆಸಲು ಅನುಮತಿ ಕೊಡಿ. ಆಮೇಲೆ ಟರ್ಮಿನಲ್ ತೆರೆದು, ಚುಕ್ಕಿ, ಓರೆಗೆರೆ, ನಂತರ ಕಡತದ ಹೆಸರು ಕೊಟ್ಟು ಎಂಟರ್ ಒತ್ತಿ. ಎರಡು ಸಲ ಒತ್ತಿದಾಗ ಮೌನವಾಗಿ ಸಾಯುವ ಪ್ರೋಗ್ರಾಂ ಟರ್ಮಿನಲ್‌ನಲ್ಲಿ ಸಾಯುವಾಗ ಕಾರಣ ಹೇಳುತ್ತದೆ. ಆ ಸಾಲನ್ನು ಇಲ್ಲಿ ಹಾಕಿ.

ಬೆಳ್ಳಂದೂರು_ಮಳೆ · 9.52

24.04ರಲ್ಲಿ ಆಪ್‌ಆರ್ಮರ್ ಎಂಬ ಭದ್ರತಾ ವ್ಯವಸ್ಥೆ ಹೊಸ ನಿರ್ಬಂಧ ಹಾಕಿದೆ, ಅದರಿಂದ ಆಪ್‌ಇಮೇಜ್‌ಗಳು ತೆರೆಯುವುದಿಲ್ಲ. ಆ ನಿರ್ಬಂಧವನ್ನು ಆರಿಸಿಬಿಡಿ.

ಹಳೇಯಂತ್ರ · 9.58

ಆ ನಿರ್ಬಂಧ ಕಚ್ಚುವುದು ಒಳಗೆ ಕ್ರೋಮಿಯಂ ಬ್ರೌಸರ್ ಇಟ್ಟುಕೊಂಡ ಎಲೆಕ್ಟ್ರಾನ್ ಪ್ರೋಗ್ರಾಂಗಳನ್ನು. ಮ್ಯೂಸ್‌ಸ್ಕೋರ್ ಬರೆದಿರುವುದು ಕ್ಯೂಟಿ ಎಂಬ ಬೇರೆಯೇ ಸಲಕರಣೆಯಲ್ಲಿ. ಕಾಯಿಲೆ ಏನೆಂದು ತಿಳಿಯುವ ಮೊದಲೇ ಕಾವಲುಗಾರನನ್ನು ಮನೆಗೆ ಕಳುಹಿಸಬೇಡಿ.

ಮಲೆನಾಡ_ಟೀಚರ್ · ಬುಧವಾರ, ಮಧ್ಯಾಹ್ನ 1.35

ಊಟದ ಬಿಡುವಿನಲ್ಲಿ ಮಾಡಿ ನೋಡಿದೆ. ಪೆನ್‌ಡ್ರೈವ್ ಊಹೆ ನೂರಕ್ಕೆ ನೂರು ಸರಿ.

ಒಂದು ಅವಮಾನವನ್ನೂ ಹೇಳಿಕೊಂಡುಬಿಡುತ್ತೇನೆ. ಈ ವೇದಿಕೆಯಲ್ಲಿ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯುವ ನಿಯಮ ಇದೆಯಲ್ಲ. ಹಳೆಯ ಎಳೆಯೊಂದರಲ್ಲಿ ‘ಎಲ್ಎಸ್’ ಎಂದು ಟೈಪ್ ಮಾಡಿ ಕೋಶದಲ್ಲಿ ಏನಿದೆ ನೋಡಿ ಎಂದಿತ್ತು. ನಾನು ಶ್ರದ್ಧೆಯಿಂದ ಕನ್ನಡದಲ್ಲೇ ‘ಎಲ್ಎಸ್’ ಎಂದು ಟೈಪ್ ಮಾಡಿದೆ. ಕಮಾಂಡ್ ನಾಟ್ ಫೌಂಡ್ ಎಂದಿತು. ಏಳನೇ ತರಗತಿಯ ಹುಡುಗಿಯೊಬ್ಬಳು ಹಿಂದೆ ನಿಂತು ನೋಡುತ್ತಿದ್ದಳು. ಅವಳು ನಗಲಿಲ್ಲ, ಅದೇ ಹೆಚ್ಚು ನೋವಾಯಿತು.

ಈಗ ಬಂದ ಸಾಲಿನ ಸಾರಾಂಶ: ಲಿಬ್‌ಫ್ಯೂಸ್.ಎಸ್ಒ.2 ಸಿಗುತ್ತಿಲ್ಲ, ಆಪ್‌ಇಮೇಜ್ ನಡೆಯಲು ಫ್ಯೂಸ್ ಬೇಕು.

ಕೊನೆಬೆಂಚು · 1.41

ಟರ್ಮಿನಲ್‌ಗೆ ಕನ್ನಡ ಬರುವುದಿಲ್ಲ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ದೂರು ಕೊಡಿ.

ಬೆಳ್ಳಂದೂರು_ಮಳೆ · 1.44

ಸುಲಭ. ಸುಡೋ ಆಪ್ಟ್ ಇನ್‌ಸ್ಟಾಲ್ ಫ್ಯೂಸ್. ಇಂಗ್ಲಿಷಿನಲ್ಲಿ ಟೈಪ್ ಮಾಡಿ!

ಹಳೇಯಂತ್ರ · 1.46

ಬೇಡ! ಟೀಚರ್, ಅದನ್ನು ಮಾಡಬೇಡಿ.

22.04ರಿಂದ ಈಚೆಗೆ ಉಬುಂಟುವಿನ ಡೆಸ್ಕ್‌ಟಾಪ್ ನಿಂತಿರುವುದು ಫ್ಯೂಸ್ 3ರ ಮೇಲೆ. ಬರೀ ಫ್ಯೂಸ್ ಎಂಬ ಹೆಸರಿನ ಪ್ಯಾಕೇಜು ಹಳೆಯ 2ನೆಯದು. ಅದು ಒಳಗೆ ಬಂದರೆ 3 ಹೊರಗೆ ಹೋಗುತ್ತದೆ, ತನ್ನನ್ನು ನೆಚ್ಚಿಕೊಂಡವರನ್ನೂ ಕರೆದುಕೊಂಡೇ ಹೋಗುತ್ತದೆ. ಪ್ಯಾಕೇಜು ಹಾಕುವ ಆಪ್ಟ್ ಮೊದಲೇ ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ, ನಾವು ಓದದೆ ವೈ ಒತ್ತುತ್ತೇವೆ. ನನ್ನ ಅಕ್ಕನ ಮಗ ಹೀಗೆ ಒತ್ತಿ, ಮರುದಿನ ಬೆಳಿಗ್ಗೆ ಕಪ್ಪು ಪರದೆಯ ಚಿತ್ರ ಕಳುಹಿಸಿದ್ದ.

ಬೇಕಾಗಿರುವುದು ಬೇರೆ ಪ್ರೋಗ್ರಾಂಗಳು ಬಳಸುವ ಲೈಬ್ರರಿ ಕಡತ ಮಾತ್ರ. ಅದರ ಹೆಸರು ಲಿಬ್‌ಫ್ಯೂಸ್2. 24.04ರಲ್ಲಿ ಅದಕ್ಕೆ ಟಿ64 ಎಂಬ ಬಾಲ ಸೇರಿಕೊಂಡಿದೆ: ಲಿಬ್‌ಫ್ಯೂಸ್2ಟಿ64. ಇದು ಫ್ಯೂಸ್ 3ರ ಜೊತೆ ಜಗಳವಿಲ್ಲದೆ ಇರುತ್ತದೆ.

ಬೆಳ್ಳಂದೂರು_ಮಳೆ · 1.55

ಒಪ್ಪಿದೆ, ನನ್ನದು 20.04ರ ಕಾಲದ ಅಭ್ಯಾಸ. ಅಳಿಸುವುದಿಲ್ಲ, ಮುಂದೆ ಯಾರಾದರೂ ಓದಿ ಎಚ್ಚರವಾಗಲಿ.

ಮಿಶ್ರಚಾಪು · 2.10

ಈ ಟಿ64 ಎಂದರೆ ಏನು? ನನ್ನ ಯಂತ್ರದಲ್ಲೂ ನೂರಾರು ಪ್ಯಾಕೇಜುಗಳಿಗೆ ಈ ಬಾಲ ಬೆಳೆದಿದೆ.

ಡೆಬಿಯನ್_ದಾಸ · 2.19

ಯುನಿಕ್ಸ್ ಕಾಲವನ್ನು ಎಣಿಸುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ. ಆ ಎಣಿಕೆಯನ್ನು 32 ಬಿಟ್‌ಗಳ ಡಬ್ಬಿಯಲ್ಲಿ ಇಟ್ಟರೆ 2038ರ ಜನವರಿ 19ಕ್ಕೆ ಡಬ್ಬಿ ತುಂಬಿಹೋಗುತ್ತದೆ. ಅದಕ್ಕೆ 64 ಬಿಟ್‌ಗಳ ಡಬ್ಬಿಗೆ ಬದಲಾಯಿಸಿದರು. ಹಳೆಯ ಡಬ್ಬಿಯವರೂ ಹೊಸ ಡಬ್ಬಿಯವರೂ ಬೆರೆತುಹೋಗಬಾರದೆಂದು ಹೆಸರಿಗೆ ಬಾಲ. ಡೆಬಿಯನ್‌ನಲ್ಲಿ ಶುರುವಾದ ಕೆಲಸ, ಉಬುಂಟು ಎತ್ತಿಕೊಂಡಿತು, ಎಂದಿನಂತೆ.

ಮಲೆನಾಡ_ಟೀಚರ್ · ಬುಧವಾರ, ಸಂಜೆ 5.50

2038ರಲ್ಲಿ ನಾನು ನಿವೃತ್ತಳಾಗಿರುತ್ತೇನೆ. ನನ್ನ ತೊಂದರೆ ಈಗಿನದು. ನಿರ್ವಾಹಕರ ಅಧಿಕಾರ ಕೊಡುವ ಸುಡೋ ಪಾಸ್‌ವರ್ಡ್ ಕೇಳುತ್ತಿದೆ. ವರ್ಗವಾಗಿ ಹೋದ ಮೇಷ್ಟರಿಗೆ ಫೋನ್ ಮಾಡಿದೆ. ತುಂಬ ಕಷ್ಟದ್ದು ಇಟ್ಟಿದ್ದೆ ಮೇಡಂ, ಅದಕ್ಕೇ ಮರೆತುಹೋಯಿತು ಎಂದರು.

ಕೊನೆಬೆಂಚು · 5.53

ಭದ್ರತೆ ಎಂದರೆ ಹೀಗಿರಬೇಕು.

ತಂತಿವಾದ್ಯ · 6.04

ಯಂತ್ರ ಶುರುವಾಗುವಾಗ ಗ್ರಬ್ ಪಟ್ಟಿಯಲ್ಲಿ ರಿಕವರಿ ಆರಿಸಿ, ರೂಟ್ ಶೆಲ್‌ಗೆ ಹೋಗಿ ಪಾಸ್‌ವರ್ಡ್ ಬದಲಾಯಿಸಬಹುದು. ಐದು ನಿಮಿಷದ ಕೆಲಸ.

ಕಡಲತಡಿ · 6.11

ಆಗುತ್ತದೆ, ಆದರೆ ಅದು ಶಾಲೆಯ ಯಂತ್ರ. ಮುಖ್ಯೋಪಾಧ್ಯಾಯರಿಗೆ ಹೇಳಿ ಮಾಡಿ. ನಾಳೆ ಇನ್ಯಾವುದೋ ಕಡತ ಕಾಣೆಯಾದರೆ ಮೊದಲು ನೋಡುವುದು ಸಂಗೀತದ ಟೀಚರ್ ಕಡೆಗೇ.

ಹಳೇಯಂತ್ರ · 6.20

ಪಾಸ್‌ವರ್ಡೇ ಬೇಡದ ದಾರಿ ಇದೆ. ಆಪ್‌ಇಮೇಜ್ ಎಂದರೆ ಒಳಗೆ ಕಡತಗಳನ್ನು ಅದುಮಿ ತುಂಬಿದ ಬುತ್ತಿ. ಬುತ್ತಿ ಬಿಚ್ಚದೆ ಒಳಗಿನದನ್ನು ತೋರಿಸಲು ಫ್ಯೂಸ್ ಬೇಕು. ಬಿಚ್ಚಿ ಹರಡಿಕೊಂಡರೆ ಬೇಡ.

ಟರ್ಮಿನಲ್‌ನಲ್ಲಿ ಮೊದಲಿನಂತೆ ಚುಕ್ಕಿ, ಓರೆಗೆರೆ, ಕಡತದ ಹೆಸರು ಕೊಟ್ಟು, ಒಂದು ಜಾಗ ಬಿಟ್ಟು, ಎರಡು ಅಡ್ಡಗೆರೆ, ಆಪ್‌ಇಮೇಜ್, ಒಂದು ಅಡ್ಡಗೆರೆ, ಎಕ್ಸ್‌ಟ್ರ್ಯಾಕ್ಟ್. ಅಡ್ಡಗೆರೆಯಿಂದ ಮುಂದಿನದೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. ಸ್ಕ್ವಾಷ್‌ಎಫ್ಎಸ್-ರೂಟ್ ಎಂಬ ಕೋಶ ಹುಟ್ಟುತ್ತದೆ. ಅದರೊಳಗಿನ ಆಪ್‌ರನ್ ಎಂಬುದನ್ನು ನಡೆಸಿ. ಡಿಸ್ಕಿನಲ್ಲಿ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ ಅಷ್ಟೆ. ಬೇರೆ ಯಂತ್ರಗಳಿಗೆ ಆಪ್‌ಇಮೇಜ್ ಕಡತವನ್ನೇ ಒಯ್ದು ಅಲ್ಲಲ್ಲೇ ಬಿಚ್ಚಿ. ಬಿಚ್ಚಿದ ಕೋಶವನ್ನು ಪೆನ್‌ಡ್ರೈವ್‌ನಲ್ಲಿ ಸಾಗಿಸಿದರೆ ಮತ್ತೆ ಫ್ಯಾಟ್ ಕಾಟ.

ಡೆಬಿಯನ್_ದಾಸ · 6.31

ನನಗೆ ಈ ಪದ್ಧತಿ ಇಷ್ಟವಿಲ್ಲ. ಆದರೆ ಕೆಲಸ ಮಾಡುತ್ತದೆ ಎಂಬುದನ್ನು ಅಲ್ಲಗಳೆಯಲಾರೆ.

ತಂತಿವಾದ್ಯ · 6.45

ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ಫ್ರೆಸ್ಕೊಬಾಲ್ಡಿ ಎಂಬ ಸ್ವರಲಿಪಿ ತಂತ್ರಾಂಶವನ್ನು ಪೈಥಾನ್‌ನ ಪಿಪ್ ಮೂಲಕ ಹಾಕಲು ಹೋದರೆ, ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ ಎಂದು ನಿರಾಕರಿಸುತ್ತದೆ. ಹೊರಗಿನವರು ಯಾರು? ಯಂತ್ರ ನನ್ನದು!

ರೈನ್_ದಂಡೆ · 7.02

ಹೊರಗಿನವರು ಎಂದರೆ ಆಪ್ಟ್. ಡೆಬಿಯನ್ 12, ಉಬುಂಟು 23.04ರಿಂದ ಈಚೆಗೆ ವ್ಯವಸ್ಥೆಯ ಪೈಥಾನ್ ಒಳಗೆ ಪಿಪ್ ಕೈ ಹಾಕುವಂತಿಲ್ಲ. ಆಪ್ಟ್‌ನಿಂದಲೇ ಫ್ರೆಸ್ಕೊಬಾಲ್ಡಿ ಹಾಕಿಕೊಳ್ಳಿ, ಅಥವಾ ಪಿಪ್‌ಎಕ್ಸ್ ಬಳಸಿ. ಅದು ಬೇರೆಯದೇ ಆದ ಕೋಣೆ ಮಾಡಿ ಅದರೊಳಗೆ ಹಾಕುತ್ತದೆ. ಒತ್ತಾಯದ ಆಯ್ಕೆ ಒಂದಿದೆ, ಅದನ್ನು ಹೇಳಿಕೊಡುವುದಿಲ್ಲ.

ಇನ್ನೊಂದು ಮಾತು. ಫ್ರೆಸ್ಕೊಬಾಲ್ಡಿ ಬರೀ ಬರೆಯುವ ಮೇಜು. ಪುಟ ಕೆತ್ತುವವನು ಲಿಲಿಪಾಂಡ್. ಅದು ಬೇರೆಯಾಗಿ ಬೇಕು. ಈಗಿನ 2.24ರ ಕಟ್ಟನ್ನು ಬಿಚ್ಚಿ ಎಲ್ಲಾದರೂ ಇಟ್ಟು, ಬಿನ್ ಕೋಶದ ದಾರಿಯನ್ನು ಫ್ರೆಸ್ಕೊಬಾಲ್ಡಿಯ ಆದ್ಯತೆಗಳಲ್ಲಿ ಕೊಟ್ಟರೆ ಸಾಕು.

ಮಲೆನಾಡ_ಟೀಚರ್ · ಗುರುವಾರ, ಮಧ್ಯಾಹ್ನ 1.20

ತೆರೆಯಿತು! ಬುತ್ತಿ ಬಿಚ್ಚಿತು! ತಮ್ಮನ ಕಡತ ಅಚ್ಚುಕಟ್ಟಾಗಿ ಕಾಣುತ್ತಿದೆ. ನುಡಿಸುವ ಗುಂಡಿ ಒತ್ತಿದರೆ ನೀಲಿ ಗೆರೆ ಸ್ವರಗಳ ಮೇಲೆ ಓಡುತ್ತದೆ, ಆದರೆ ಸದ್ದಿಲ್ಲ. ಹನ್ನೆರಡು ಮಕ್ಕಳು ಉಸಿರು ಬಿಗಿಹಿಡಿದು ಮೌನವನ್ನು ಕೇಳಿದರು.

ಬೆಳ್ಳಂದೂರು_ಮಳೆ · 1.32

ಸದ್ದು ಸಾಗಿಸುವ ಪೈಪ್‌ವೈರ್‌ನ ತೊಂದರೆ. ಅದನ್ನು ತೆಗೆದು ಪಲ್ಸ್‌ಆಡಿಯೋ ಹಾಕಬೇಕು.

ಹಳೇಯಂತ್ರ · 1.34

ಮಳೆಯವರೇ, ಇನ್ನೂ ಒಂದನ್ನೂ ತೆಗೆಯಬೇಡಿ, ದಯವಿಟ್ಟು.

ಟೀಚರ್, ಬೇರೆ ಏನಾದರೂ ಆಡಿಯೊ ನುಡಿಸಿ ನೋಡಿ. ಅದೂ ಮೌನವೇ? ಹಾಗಿದ್ದರೆ ಮ್ಯೂಸ್‌ಸ್ಕೋರ್ ನಿರಪರಾಧಿ. ಸೆಟ್ಟಿಂಗ್ಸ್‌ನ ಸೌಂಡ್‌ನಲ್ಲಿ ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ ನೋಡಿ.

ಮಲೆನಾಡ_ಟೀಚರ್ · 1.49

ಎಚ್‌ಡಿಎಂಐ ಎಂದಿತ್ತು. ಅಂದರೆ ಮಾನಿಟರ್‌ಗೆ. ನಮ್ಮ ಮಾನಿಟರ್‌ಗೆ ಬಾಯಿಯೇ ಇಲ್ಲ. ಅನಲಾಗ್ ಆರಿಸಿದ ತಕ್ಷಣ ಸ್ಪೀಕರ್ ಹಾಡಿತು. ಸ್ವಲ್ಪ ಪ್ಲಾಸ್ಟಿಕ್ ಪಿಯಾನೋ ತರಹ ಇದೆ, ಆದರೂ ಹಾಡಿತು.

ಕಡಲತಡಿ · 2.15

ಅದು ಒಳಗೇ ಬರುವ ಎಂಎಸ್ ಬೇಸಿಕ್ ಸದ್ದು. ಮ್ಯೂಸ್ ಸೌಂಡ್ಸ್ ಎಂದು ಬೇರೆ ಸಂಗ್ರಹಗಳು ಸಿಗುತ್ತವೆ, ಹಣ ಕೊಡಬೇಕಿಲ್ಲ. ಗಾಯನವೃಂದದ ದನಿಯೂ ಇದೆ, ಕೇಳಲು ಬಹಳ ಚೆನ್ನ. ಆದರೆ ಇಳಿಸಿಕೊಳ್ಳುವ ಗಾತ್ರ ಜಿಬಿಗಳಲ್ಲಿ. ನಿಮ್ಮ 4 ಜಿಬಿ ಯಂತ್ರಕ್ಕೆ ಮೂಗಿಗಿಂತ ಮೂಗುತಿ ಭಾರ.

ಡೆಬಿಯನ್_ದಾಸ · 2.22

ಮ್ಯೂಸ್‌ಸ್ಕೋರ್ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ, ಮ್ಯೂಸ್ ಸೌಂಡ್ಸ್ ಅಲ್ಲ. ಬಿಟ್ಟಿ ಬೇರೆ, ಮುಕ್ತ ಬೇರೆ. ಹೇಳಬೇಕಾದದ್ದು ಹೇಳಿದ್ದೇನೆ.

ಕೊನೆಬೆಂಚು · 2.24

ಇನ್ನೂ ಹೇಳುತ್ತೀರಿ, ನಮಗೆ ಗೊತ್ತು.

ಅಜ್ಜನ_ಹಾರ್ಮೋನಿಯಂ · ಗುರುವಾರ, ರಾತ್ರಿ 8.05

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ನಮ್ಮ ಭಾವಗೀತೆಗೆ ಐದು ಗೆರೆಯ ಪಾಶ್ಚಾತ್ಯ ಲಿಪಿ ಯಾಕೆ? ಸರಿಗಮ ಬರೆದು ಮಕ್ಕಳ ಕೈಗೆ ಕೊಟ್ಟರೆ ಕಂಪ್ಯೂಟರೇ ಬೇಡ. ನನ್ನ ಗುರುಗಳು ಒಂದು ನೋಟ್‌ಬುಕ್ಕಿನಲ್ಲಿ ನಾನೂರು ಹಾಡು ಬರೆದಿಟ್ಟಿದ್ದರು, ವಿದ್ಯುತ್ತಿಲ್ಲದೆ.

ಕಡಲತಡಿ · 8.21

ಒಂದೇ ದನಿಗೆ ನಿಮ್ಮ ಮಾತು ಸರಿ. ಎರಡು ದನಿ ಒಟ್ಟಿಗೆ ಸಾಗುವಾಗ ಯಾವ ಸ್ವರದ ಕೆಳಗೆ ಯಾವ ಸ್ವರ ಬೀಳುತ್ತದೆ ಎಂಬುದು ಕಣ್ಣಿಗೆ ಕಾಣಬೇಕು. ನಮ್ಮ ಇಗರ್ಜಿಯಲ್ಲಿ ಹಿರಿಯರು ಟಾನಿಕ್ ಸೋಲ್ಫಾದಲ್ಲಿ, ಅಂದರೆ ಡೊ ರೆ ಮಿ ಅಕ್ಷರಗಳಲ್ಲಿ, ನಾಲ್ಕು ದನಿಗಳನ್ನು ಒಂದರ ಕೆಳಗೊಂದು ಬರೆದ ಹಾಳೆಗಳನ್ನು ಇಟ್ಟುಕೊಂಡಿದ್ದರು. ಅದೂ ಒಂದು ಬಗೆಯ ಸರಿಗಮವೇ. ಆದರೆ ಆ ಹಾಳೆಗಳು ಈಗ ಇಲಿಗಳಿಗೆ ಮಾತ್ರ ಓದಲು ಬರುತ್ತವೆ.

ರೈನ್_ದಂಡೆ · 8.40

ಪಾಶ್ಚಾತ್ಯ ಲಿಪಿ ನಮಗೆ ಹೊಸದೂ ಅಲ್ಲ ಅಜ್ಜನವರೇ. ಮದ್ರಾಸಿನಲ್ಲಿ ಚಿನ್ನಸ್ವಾಮಿ ಮೊದಲಿಯಾರ್ 1890ರ ದಶಕದಲ್ಲೇ ಕರ್ನಾಟಕ ಸಂಗೀತದ ಕೃತಿಗಳನ್ನು ಐದು ಗೆರೆಯಲ್ಲಿ ಅಚ್ಚು ಹಾಕಿಸಿದ್ದರು. ಅವರಿಗಿಂತ ಹಿಂದೆ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿ ನೊಟ್ಟುಸ್ವರ ಮಾಡಿದರು. ಮೈಸೂರಿನ ಜಯಚಾಮರಾಜ ಒಡೆಯರ್ ಅಂತೂ ಪಿಯಾನೋದಲ್ಲಿ ಮುಳುಗಿದವರು. ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿ ಕುಳಿತಿದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಈ ಒಡೆಯರೇ. ಇಲ್ಲಿ ನನ್ನ ಪಿಯಾನೋ ಗುರುವಿಗೆ ಮೈಸೂರು ಗೊತ್ತಿರುವುದು ದಸರೆಯಿಂದ ಅಲ್ಲ, ಮೆಟ್ನರ್‌ನಿಂದ.

ಅಜ್ಜನ_ಹಾರ್ಮೋನಿಯಂ · 8.52

ಮಹಾರಾಜರ ಹತ್ತಿರ ಪಿಯಾನೋ ಇತ್ತು. ನಮ್ಮ ಶಾಲೆಯ ಹಾರ್ಮೋನಿಯಂನ ಎರಡು ಮನೆ ಕೆಲಸ ಮಾಡುತ್ತಿರಲಿಲ್ಲ. ಇರಲಿ, ಎರಡು ದನಿಯ ವಾದವನ್ನು ಒಪ್ಪುತ್ತೇನೆ. ಗಮಕವನ್ನು ಈ ಚುಕ್ಕಿಗಳಲ್ಲಿ ಹೇಗೆ ಬರೆಯುತ್ತೀರಿ ಎಂದು ಕೇಳುವುದಿಲ್ಲ, ರಾತ್ರಿ ಉದ್ದವಾದೀತು.

ಮಲೆನಾಡ_ಟೀಚರ್ · ಶುಕ್ರವಾರ, ಸಂಜೆ 4.45

ಮುಂದಿನ ಅಡ್ಡಿ. ಸ್ವರಗಳ ಕೆಳಗೆ ಸಾಹಿತ್ಯ ಹಾಕಬೇಕು. ಕಚೇರಿಯಲ್ಲಿ ಟೈಪ್ ಮಾಡಿಟ್ಟಿದ್ದ ಕಡತದಿಂದ ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಆವರಣ, ಅಲ್ಪವಿರಾಮಗಳ ಕಿಚಡಿ ಬರುತ್ತಿದೆ. ಇದೂ ಬುತ್ತಿಯ ದೋಷವೇ?

ಮಿಶ್ರಚಾಪು · 4.58

ಅಲ್ಲ. ಅದು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತ ಇರಬೇಕು. ಯುನಿಕೋಡ್ ಬರುವ ಮೊದಲಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ತುಂಡುಗಳ ವೇಷ ತೊಡಿಸುತ್ತಿದ್ದರು. ವೇಷದ ಪೆಟ್ಟಿಗೆ ಇಲ್ಲದ ಕಡೆ ಪಾತ್ರಧಾರಿಯ ನಿಜಮುಖ ಕಾಣುತ್ತದೆ. ಪರಿವರ್ತಕಗಳು ಸಿಗುತ್ತವೆ, ಒಮ್ಮೆ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ತಿದ್ದಿ, ಅಲ್ಲೇ ಎಡವುತ್ತವೆ.

ಹಳೇಯಂತ್ರ · 5.10

ಮ್ಯೂಸ್‌ಸ್ಕೋರ್‌ನ ಪಠ್ಯಕ್ಕೆ ಮೊದಲೇ ಇರುವ ಅಕ್ಷರಶೈಲಿ ಎಡ್ವಿನ್. ಅದರಲ್ಲಿ ಕನ್ನಡವಿಲ್ಲ. ಯಂತ್ರದಲ್ಲಿ ಸಿಕ್ಕ ಯಾವುದೋ ಕನ್ನಡ ಶೈಲಿಯನ್ನು ಅದು ಎರವಲು ತರುತ್ತದೆ, ಒಂದೊಂದು ಯಂತ್ರದಲ್ಲಿ ಒಂದೊಂದು ರೂಪ. ನೋಟೊ ಸೆರಿಫ್ ಕನ್ನಡ ಅಥವಾ ಗುಬ್ಬಿ, ನವಿಲು, ಲೋಹಿತ್, ಯಾವುದು ಇಷ್ಟವೋ ಅದನ್ನು ನಿಮ್ಮ ಹೋಮ್ ಒಳಗಿನ .ಲೋಕಲ್, ಅದರೊಳಗಿನ ಶೇರ್, ಅದರೊಳಗಿನ ಫಾಂಟ್ಸ್ ಕೋಶಕ್ಕೆ ಹಾಕಿ, ಮ್ಯೂಸ್‌ಸ್ಕೋರ್ ಮುಚ್ಚಿ ತೆರೆಯಿರಿ. ಇದಕ್ಕೂ ಪಾಸ್‌ವರ್ಡ್ ಬೇಡ. ಆಮೇಲೆ ಸ್ಟೈಲ್ ಕಿಟಕಿಯ ಪಠ್ಯಶೈಲಿಗಳಲ್ಲಿ ಸಾಹಿತ್ಯದ ಬೆಸ ಸಾಲು, ಸರಿ ಸಾಲು ಎರಡಕ್ಕೂ ಅದೇ ಶೈಲಿ ಕೊಡಿ. ಒಂದಕ್ಕೆ ಮಾತ್ರ ಕೊಟ್ಟು ಎರಡನೇ ಚರಣ ಬೇರೆ ಮುಖದಲ್ಲಿ ಬಂದಿತೆಂದು ಗಾಬರಿಯಾಗುವವರು ಬಹಳ.

ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿ.

ಕಡಲತಡಿ · 5.24

ಒಂದೊಂದೇ ಅಕ್ಷರ ಟೈಪ್ ಮಾಡುತ್ತಾ ಕೂರಬೇಡಿ. ಬೇರೆ ಕಡೆ ಸಾಹಿತ್ಯವನ್ನು ಅಡ್ಡಗೆರೆ ಹಾಕಿ ಒಡೆದು ಇಟ್ಟುಕೊಳ್ಳಿ. ಪೂರ್ತಿ ನಕಲು ಮಾಡಿ, ಮೊದಲ ಸ್ವರ ಆರಿಸಿ, ಕಂಟ್ರೋಲ್ ಎಲ್ ಒತ್ತಿ, ಆಮೇಲೆ ಕಂಟ್ರೋಲ್ ವಿ ಒತ್ತುತ್ತಾ ಹೋಗಿ. ಪ್ರತಿ ಒತ್ತಿಗೂ ಒಂದು ತುಂಡು ಒಂದು ಸ್ವರದ ಕೆಳಗೆ ಬಿದ್ದು ಮುಂದೆ ಸಾಗುತ್ತದೆ. ಹೂ ಕಟ್ಟಿದ ಹಾಗೆ.

ನೇರವಾಗಿ ಟೈಪ್ ಮಾಡಲೇಬೇಕಾದಾಗ ಕನ್ನಡ ಟೈಪಿಂಗಿಗೆ ಬಳಸುವ ಐಬಸ್ ನನ್ನ ಯಂತ್ರದಲ್ಲಿ ಕೈಕೊಟ್ಟಿತು. ಕೀಲಿಮಣೆಯ ವಿನ್ಯಾಸಗಳಲ್ಲೇ ಕನ್ನಡ ಕಗಪ ಎಂದು ಒಂದಿದೆ, ಅದು ಐಬಸ್ ಹಂಗಿಲ್ಲದೆ ನಡೆಯುತ್ತದೆ.

ಮಲೆನಾಡ_ಟೀಚರ್ · ಶನಿವಾರ, ಬೆಳಿಗ್ಗೆ 11.30

ಹೂ ಕಟ್ಟುವ ವಿದ್ಯೆ ಕೈಗೆ ಹತ್ತಿತು, ಧನ್ಯವಾದ. ಈಗ ಅಡ್ಡಗೆರೆ ಎಲ್ಲಿ ಹಾಕಬೇಕೆಂಬುದೇ ಗೊಂದಲ. ‘ಜನ್ನ’ ಎಂಬ ಪದ ಎರಡು ಸ್ವರಗಳಿಗೆ ಹಂಚಬೇಕು. ಜ-ನ್ನ ಎಂದೋ ಜನ್-ನ ಎಂದೋ? ತಮ್ಮ ಎರಡನೆಯದು ಎನ್ನುತ್ತಾನೆ, ಕನ್ನಡ ಪಂಡಿತರು ಮೊದಲನೆಯದು ಎನ್ನುತ್ತಾರೆ, ಇಬ್ಬರೂ ನನ್ನ ಮೇಲೆ ಸಿಟ್ಟಾಗಿದ್ದಾರೆ.

ಮಿಶ್ರಚಾಪು · 11.38

ಪಂಡಿತರು ಸರಿ. ಕನ್ನಡದಲ್ಲಿ ಅಕ್ಷರ ಒಡೆಯುವುದು ಜ-ನ್ನ ಎಂದೇ. ಛಂದಸ್ಸಿನ ಮೊದಲ ಪಾಠ ನೆನಪಿಸಿಕೊಳ್ಳಿ: ಒತ್ತಕ್ಷರದ ಹಿಂದಿನ ಅಕ್ಷರ ಗುರು. ಪ್ರಸ್ತಾರ ಹಾಕುವಾಗ ‘ಜ’ದ ಮೇಲೆ ಗುರುವಿನ ಗುರುತು ಹಾಕುತ್ತೇವೆ, ‘ಜನ್’ ಎಂದು ಬರೆಯುವುದಿಲ್ಲ. ಮುಂದಿನ ಒತ್ತನ್ನು ಕಂಡ ಹಾಡುಗಾರನ ನಾಲಿಗೆ ತಾನೇ ಭಾರ ಹಾಕುತ್ತದೆ.

ಕಡಲತಡಿ · 11.55

ಪ್ರಸ್ತಾರ ಹಾಕುವವನು ಮೂರು ಮಾತ್ರೆ ‘ಜ’ ಎಳೆಯುವುದಿಲ್ಲ ಸ್ವಾಮಿ. ಮಕ್ಕಳ ಮುಂದೆ ಜ-ನ್ನ ಎಂದು ಇಟ್ಟು, ನಡುವೆ ಉದ್ದದ ಸ್ವರ ಕೊಟ್ಟು ನೋಡಿ. ಜ... ಎಂದು ಎಳೆದು, ‘ನ್ನ’ವನ್ನು ಕೊನೆಯಲ್ಲಿ ಒಟ್ಟಿಗೆ ಉಗುಳುತ್ತಾರೆ. ಕೆಲವರು ‘ನ್’ ಮೇಲೆಯೇ ಗುನುಗುತ್ತಾ ನಿಲ್ಲುತ್ತಾರೆ. ಮೂವತ್ತು ಗಂಟಲು ಒಂದೇ ಗಳಿಗೆಯಲ್ಲಿ ‘ನ್’ಗೆ ಬರಬೇಕಾದರೆ ಅದು ಯಾವ ಸ್ವರಕ್ಕೆ ಸೇರಿದ್ದು ಎಂದು ಕಾಗದ ಹೇಳಬೇಕು.

ಮಿಶ್ರಚಾಪು · 12.04

ಹಾಗಾದರೆ ‘ಸರ್ವ’? ಸರ್-ವ ಎಂದು ಒಡೆದರೆ ಅರ್ಕಾವತ್ತೇ ಮಾಯ. ನಾವು ಬಾಲ್ಯದಿಂದ ಓದಿದ ಪದದ ಮುಖವೇ ಬದಲಾಗುತ್ತದೆ.

ರೈನ್_ದಂಡೆ · 12.20

ಅರ್ಕಾವತ್ತಿನ ಉದಾಹರಣೆ ನಿಮ್ಮ ವಿರುದ್ಧವೇ ಹೋಗುತ್ತದೆ. ಸ-ರ್ವ ಎಂದಾಗ ಬಾಯಿ ಮೊದಲು ‘ರ್’ ಹೇಳಬೇಕು, ಆದರೆ ಕಣ್ಣಿಗೆ ಮೊದಲು ‘ವ’ ಸಿಗುತ್ತದೆ, ಅದರ ಬಲಕ್ಕೆ ಅರ್ಕಾವತ್ತು. ಗದ್ಯ ಓದುವಾಗ ತೊಂದರೆಯಿಲ್ಲ, ಇಡೀ ಪದ ಒಂದೇ ನೋಟಕ್ಕೆ ಬರುತ್ತದೆ. ಸ್ವರದ ಕೆಳಗೆ ಪದ ಹರಿದು ಹಂಚಿಹೋದಾಗ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅಲ್ಲೇ ಮುಗ್ಗರಿಸುತ್ತಾರೆ.

ಅಜ್ಜನ_ಹಾರ್ಮೋನಿಯಂ · 12.31

ಚಿಕ್ಕ ಸ್ವರವಿದ್ದಲ್ಲಿ ಪಂಡಿತರ ಮಾತು, ಉದ್ದದ ಸ್ವರವಿದ್ದಲ್ಲಿ ತಮ್ಮನ ಮಾತು ಎಂದು ಇಟ್ಟುಕೊಳ್ಳಿ ಟೀಚರ್. ಇಬ್ಬರಿಗೂ ಅರ್ಧರ್ಧ ಸಿಟ್ಟು ಉಳಿಯುತ್ತದೆ, ಅದು ಸಹಿಸಬಹುದಾದ ಪ್ರಮಾಣ.

ಮಿಶ್ರಚಾಪು · 12.33

ಒಂದೇ ಪುಟದಲ್ಲಿ ಎರಡು ಪದ್ಧತಿ! ನಾನು ಒಪ್ಪುವುದಿಲ್ಲ.

ತಂತಿವಾದ್ಯ · ಶನಿವಾರ, ರಾತ್ರಿ 10.15

ಫ್ರೆಸ್ಕೊಬಾಲ್ಡಿ ಪಿಪ್‌ಎಕ್ಸ್‌ನಲ್ಲಿ ಬಂತು. ಲಿಲಿಪಾಂಡ್ ದಾರಿಯನ್ನೂ ಕೊಟ್ಟೆ. ಕನ್ನಡ ಸಾಹಿತ್ಯವನ್ನು ನೇರವಾಗಿ ಯುನಿಕೋಡ್‌ನಲ್ಲೇ ಬರೆದು, ತುಂಡುಗಳ ನಡುವೆ ಎರಡು ಅಡ್ಡಗೆರೆ ಹಾಕಿದೆ, ಒತ್ತುಗಳು ಸರಿಯಾಗಿ ಕೂತಿವೆ. 1996ರಲ್ಲಿ ಇಬ್ಬರು ಡಚ್ಚರು ಶುರು ಮಾಡಿದ್ದಂತೆ ಲಿಲಿಪಾಂಡನ್ನು. ಮುದ್ರಿಸಿದ ಪುಟ ನೋಡಿ ನನ್ನ ಹೆಂಡತಿ, ಇದು ಅಂಗಡಿಯಲ್ಲಿ ಕೊಂಡದ್ದೇ ಎಂದು ಕೇಳಿದಳು.

ಮಲೆನಾಡ_ಟೀಚರ್ · ಸೋಮವಾರ, ಸಂಜೆ 5.15

ಇಂದು ಆರು ಯಂತ್ರಗಳಲ್ಲಿ ಬುತ್ತಿ ಬಿಚ್ಚಿದೆವು. ಬಿಚ್ಚಿದವಳು ಆ ಏಳನೇ ತರಗತಿಯ ಹುಡುಗಿ, ನಾನು ಪಕ್ಕದಲ್ಲಿ ನಿಂತಿದ್ದೆ.

ಆಮೇಲೆ ಇನ್ನೊಂದು ಗಮನಕ್ಕೆ ಬಂತು. 2022ರ ಸರ್ಕಾರಿ ತೀರ್ಮಾನದಂತೆ ನಾಡಗೀತೆ 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಯಬೇಕು. ಮ್ಯೂಸ್‌ಸ್ಕೋರ್‌ನ ಗಡಿಯಾರ ನಮ್ಮದು 2 ನಿಮಿಷ 48 ಸೆಕೆಂಡು ಎನ್ನುತ್ತಿದೆ. ಯಾವ ಸಾಲನ್ನೂ ಬಿಡುವಂತಿಲ್ಲ.

ಮಿಶ್ರಚಾಪು · 5.29

ನಡೆ ಎಷ್ಟಿದೆ? ಎಷ್ಟು ಆವರ್ತ?

ಮಲೆನಾಡ_ಟೀಚರ್ · 5.33

ನಾಲ್ಕು ಎಣಿಕೆಯ 56 ಮನೆಗಳು. ನಿಮಿಷಕ್ಕೆ 80.

ಮಿಶ್ರಚಾಪು · 5.40

56ನ್ನು ನಾಲ್ಕರಿಂದ ಗುಣಿಸಿದರೆ 224 ಎಣಿಕೆ. ನಿಮಿಷಕ್ಕೆ 80 ಆದರೆ 168 ಸೆಕೆಂಡು, ಗಡಿಯಾರ ಸುಳ್ಳು ಹೇಳಿಲ್ಲ. 90 ಮಾಡಿ: 149 ಸೆಕೆಂಡು ಚಿಲ್ಲರೆ. ಒಂದು ಉಸಿರಿನ ಜಾಗವೂ ಉಳಿಯುತ್ತದೆ.

ಅಜ್ಜನ_ಹಾರ್ಮೋನಿಯಂ · 5.47

ಯಂತ್ರ 90ರಲ್ಲಿ ಹಾಡುತ್ತದೆ. ಧ್ವಜದ ಮುಂದೆ ನಿಂತ ಮಕ್ಕಳು ಹೆದರಿಕೆಗೆ 100ರಲ್ಲಿ ಹಾಡುತ್ತಾರೆ. 86ರಲ್ಲಿ ಕಲಿಸಿ.

ಮಲೆನಾಡ_ಟೀಚರ್ · ಭಾನುವಾರ, ನವೆಂಬರ್ 2, ಬೆಳಿಗ್ಗೆ 8.10

ಎರಡು ನಿಮಿಷ 27 ಸೆಕೆಂಡು. ದೈಹಿಕ ಶಿಕ್ಷಣದ ಮೇಷ್ಟರು ಓಟದ ಗಡಿಯಾರ ಹಿಡಿದಿದ್ದರು. ಮೂರನೇ ಚರಣದ ಹೊತ್ತಿಗೆ ಕೆಳದನಿಯ ನಾಲ್ಕು ಹುಡುಗರು ಮೇಲಿನ ದನಿಗೆ ಜಾರಿಬಿಟ್ಟರು, ಉಳಿದವರು ಗಟ್ಟಿಯಾಗಿ ನಿಂತರು. ‘ಜನ್ನ’ ಎಲ್ಲರ ಬಾಯಲ್ಲೂ ಒಟ್ಟಿಗೆ ಬಂತು; ಹೇಗೆ ಒಡೆದಿದ್ದೆ ಎಂದು ಇಲ್ಲಿ ಹೇಳುವುದಿಲ್ಲ.

ಬೆಳ್ಳಂದೂರು_ಮಳೆ · 8.25

ಅಭಿನಂದನೆ! ನನ್ನ ಎಲ್ಲ ಸಲಹೆಗಳನ್ನೂ ಬಿಟ್ಟದ್ದಕ್ಕೆ ಧನ್ಯವಾದ. ಕಡತವನ್ನು ಇಲ್ಲಿ ಹಂಚಿಕೊಳ್ಳುತ್ತೀರಾ? ನಮ್ಮ ವಸತಿ ಸಮುಚ್ಚಯದಲ್ಲಿ ಮುಂದಿನ ಭಾನುವಾರ ರಾಜ್ಯೋತ್ಸವ.

ಮಲೆನಾಡ_ಟೀಚರ್ · 8.50

ಸಾಹಿತ್ಯವೂ ಧಾಟಿಯೂ ನನ್ನದಲ್ಲ, ಅದನ್ನು ಹಂಚುವ ಅಧಿಕಾರ ನನಗಿಲ್ಲ. ನಾನು ಕಟ್ಟಿದ ಕೆಳದನಿಯನ್ನು ಮಾತ್ರ ಬೇರೆ ಮಾಡಿ ಹಾಕಿದ್ದೇನೆ. ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಸಬೇಡಿ!

ಕೊನೆಬೆಂಚು · ರಾತ್ರಿ 9.30

ಕೆಳದನಿಯನ್ನು ನುಡಿಸಿ ಮನೆಯವರಿಗೆಲ್ಲ ಕೇಳಿಸಿದೆ. ಯಾವ ಹಾಡು ಎಂದು ಯಾರಿಗೂ ಗೊತ್ತಾಗಲಿಲ್ಲ. ಅಮ್ಮ ಮಾತ್ರ ಮೂರನೇ ಸಲಕ್ಕೆ ಮೇಲಿನ ದನಿ ಹಿಡಿದು ಹಾಡತೊಡಗಿದರು. ಉಬುಂಟುವಿನಲ್ಲೇ ನುಡಿಸಿದೆ, ಯಾರಿಗೂ ಹೇಳಬೇಡಿ.